ಸ್ಪ್ಯಾನಿಷ್ ಪದ ಒಡೆಯುವುದು, ಭಾರ ಹಾಕುವುದು: ಯಣ್ ಸಂಧಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನನ್ನ ಕೆಲಸ. ನಮ್ಮ ಮಾಲು ಮೆಕ್ಸಿಕೊಗೂ ಹೋಗುತ್ತದೆ. ಆಫೀಸಿನಲ್ಲಿ ಯಾರಾದರೂ ಒಬ್ಬರು ಸ್ಪ್ಯಾನಿಷ್ ಕಲಿಯಬೇಕು ಅಂತಾಯ್ತು. ಉಳಿದವರೆಲ್ಲ ತಲೆ ತಗ್ಗಿಸಿ ಕೂತರು, ನಾನೊಬ್ಬ ಎತ್ತಿದ್ದೆ, ಸಿಕ್ಕಿಬಿದ್ದೆ.

ಆರು ತಿಂಗಳು ಮೊಬೈಲಿನಲ್ಲಿ ಕಲಿತ ಮೇಲೆ ಒಂದು ದಿನ ಧೈರ್ಯ ಮಾಡಿ ನಾನೇ ಫೋನ್ ಮಾಡಿದೆ. ಬಿಲ್ಲಿನ ಹಣ ಏನಾಯ್ತು ಎಂದು ಕೇಳಿದೆ. ಆ ಕಡೆಯವರು ಹೇಳಿದ್ದು ಮೂರೇ ಪದ: "ಪಗೊ ಎಲ್ ಬ್ಯೆರ್ನೆಸ್." ಬ್ಯೆರ್ನೆಸ್ ಅಂದರೆ ಶುಕ್ರವಾರ, ಪಗೊ ಅಂದರೆ ಕಟ್ಟುತ್ತೇನೆ. ಶುಕ್ರವಾರ ಕಟ್ಟುತ್ತಾರಂತೆ ಎಂದು ಅಕೌಂಟ್ಸಿನವರಿಗೆ ಹೇಳಿ ಆರಾಮಾಗಿ ಕೂತೆ. ಶುಕ್ರವಾರ ಹೋಯಿತು. ಸೋಮವಾರ ನಾವು ಸ್ವಲ್ಪ ಬಿಗಿಯಾಗೇ ಒಂದು ಮೇಲ್ ಹಾಕಿದೆವು. ಉತ್ತರಕ್ಕೆ ಬಂದದ್ದು ಬ್ಯಾಂಕ್ ರಸೀದಿ, ಅದರ ಮೇಲೆ ನಾನು ಫೋನ್ ಮಾಡುವುದಕ್ಕೂ ಹಿಂದಿನ ಶುಕ್ರವಾರದ ತಾರೀಖು. ಹಣ ನಮ್ಮದೇ ಇನ್ನೊಂದು ಖಾತೆಗೆ ಬಂದು ತಣ್ಣಗೆ ಕೂತಿತ್ತು.

ಆಗಿದ್ದು ಇಷ್ಟೇ. ದನಿ 'ಪ' ಮೇಲೆ ಏರಿದರೆ 'ನಾನು ಕಟ್ಟುತ್ತೇನೆ'. 'ಗೊ' ಮೇಲೆ ಏರಿದರೆ 'ಅವರು ಕಟ್ಟಿದರು'. ನಮ್ಮ ಹಾಗೆಯೇ ಅವರೂ ನಾನು, ಅವನು ಎಂದು ಪ್ರತಿ ಸಲ ಹೇಳುವುದಿಲ್ಲ, ಎಲ್ಲವನ್ನೂ ಕ್ರಿಯಾಪದದಲ್ಲೇ ಮುಗಿಸುತ್ತಾರೆ, ಹಾಗಾಗಿ ದನಿ ಎಲ್ಲಿ ಏರಿತು ಅನ್ನೋದು ಕಿವಿಗೆ ಬೀಳಲಿಲ್ಲ ಅಂದರೆ ಯಾರು, ಯಾವಾಗ ಎರಡೂ ಹೋದವು. ಅವತ್ತಿನಿಂದ ಪದಗಳ ಅರ್ಥಕ್ಕಿಂತ ಮೊದಲು ಪದ ಒಡೆಯೋದನ್ನು ಕಲಿಯಲು ಕೂತೆ. ಈಗ ನಮ್ಮ ಅಣ್ಣನ ಮಗಳು ಕಾಲೇಜಿನಲ್ಲಿ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ, ಭಾನುವಾರ ನನ್ನ ಹತ್ತಿರ ಬಂದು ಕೂರುತ್ತಾಳೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಮಾತು ಇತ್ಯರ್ಥ ಮಾಡಿಕೊಳ್ಳೋಣ. ಸಿಲಬಲ್‌ಗೆ ವ್ಯಾಕರಣದವರು ಉಚ್ಚಾರಾಂಶ ಅನ್ನುತ್ತಾರೆ, ನಾನು ಸುಮ್ನೆ 'ತುಂಡು' ಅನ್ನುತ್ತೇನೆ. ದನಿ ಏರುವುದಕ್ಕೆ 'ಒತ್ತು' ಎಂಬ ಮಾತಿದೆ, ಆದರೆ ಮೊದಲ ದಿನವೇ ಹುಡುಗಿ "ಕಾಕಾ, ಒತ್ತು ಅಂದ್ರ ತ-ಒತ್ತು, ಕ-ಒತ್ತು ಇದ್ದಂಗೇನ್ರಿ?" ಎಂದು ಕೇಳಿದಳು. ಹಾಗಾಗಿ ನಮ್ಮ ಮನೆಯಲ್ಲಿ ಅದು 'ಭಾರ'. ಭಾರ ಬೀಳುವ ತುಂಡನ್ನು ಚೌಕ ಕಂಸದಲ್ಲಿ ಹಾಕುತ್ತೇನೆ: [ಪ]-ಗೊ, ಪ-[ಗೊ]. ಉಚ್ಚಾರ ಮೆಕ್ಸಿಕೊ ಕಡೆಯದು.

ಸ್ವರದಿಂದ ಶುರು ಮಾಡಿ. ಸ್ಪ್ಯಾನಿಷ್‌ಗೆ ಇರುವುದು ಐದೇ ಸ್ವರ: ಅ, ಎ, ಇ, ಒ, ಉ. ಹ್ರಸ್ವ-ದೀರ್ಘ ಅಂತ ಬೇರೆ ಬೇರೆ ಇಲ್ಲ. ಇದು ನಮಗೆ ಲಾಭ, ಯಾಕೆಂದರೆ ಹ್ರಸ್ವ ಎ ಮತ್ತು ಹ್ರಸ್ವ ಒ ಎರಡಕ್ಕೂ ಕನ್ನಡದಲ್ಲಿ ಅಕ್ಷರ ಇದೆ. ನನ್ನ ಜೊತೆ ಕಲಿಯುತ್ತಿದ್ದ ಮರಾಠಿ ಗೆಳೆಯ ಎಲ್ಲವನ್ನೂ ದೇವನಾಗರಿಯಲ್ಲಿ ಬರೆದುಕೊಂಡು ಏ, ಓ ಎಂದು ಎಳೆಯುತ್ತಿದ್ದ. ಪ್ರತಿ ತುಂಡಿಗೆ ಒಂದು ಸ್ವರದ ಗುಂಡಿಗೆ ಬೇಕೇ ಬೇಕು. ಸ್ವರ ಇಲ್ಲದೆ ತುಂಡಿಲ್ಲ. ಸ್ವರ ಎಣಿಸಿದರೆ ತುಂಡು ಎಣಿಸಿದಂತೆ, ಒಂದು ಗಂಟು ಬಿಟ್ಟರೆ. ಆ ಗಂಟಿಗೆ ಆಮೇಲೆ ಬರುತ್ತೇನೆ.

ಎರಡು ಸ್ವರದ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ಮನೆಗೆ [ಕ]-ಸ ಅನ್ನುತ್ತಾರೆ (ಹೌದು, ಮನೆಗೆ ಕಸ, ನಗು ಬಂದರೆ ನಕ್ಕುಬಿಡಿ, ಮರೆಯೋದಿಲ್ಲ). ನಾಳೆಗೆ ಮ-[ಞ]-ನ. ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ಞ ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ನೋಡಿ. ಕನ್ನಡದಲ್ಲೂ ಹೀಗೇ ಒಡೆಯುತ್ತೇವೆ, ಇದರಲ್ಲಿ ಹೊಸದೇನಿಲ್ಲ.

ಎಡವಟ್ಟು ಆಗುವುದು ಒತ್ತಕ್ಷರದ ಹತ್ತಿರ. ಕಾಗದಕ್ಕೆ, ಪತ್ರಕ್ಕೆ ಸ್ಪ್ಯಾನಿಷ್‌ನಲ್ಲಿ 'ಕರ್ತ' ಅನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಎರಡು ಅಕ್ಷರ: ಕ, ರ್ತ. ರ್ ಹೋಗಿ ತ ಮೇಲೆ ಕೂತಿದೆ. ಬಾಯಲ್ಲಿ ಆಡಿದಾಗ ಹಾಗಿಲ್ಲ, [ಕರ್]-ತ ಎಂದೇ ಬರುತ್ತದೆ. ಅಂದರೆ ನಮ್ಮ ಲಿಪಿಯ ಅಕ್ಷರ ಬೇರೆ, ಬಾಯಿಯ ತುಂಡು ಬೇರೆ. ಇದನ್ನು ನಮಗೆ ಹೈಸ್ಕೂಲಿನಲ್ಲೇ ಹೇಳಿಕೊಟ್ಟಿದ್ದಾರೆ, ಆದರೆ ಕಾರಣ ಹೇಳದೆ. ಪ್ರಸ್ತಾರ ಹಾಕುವಾಗ 'ಒತ್ತಕ್ಷರದ ಹಿಂದಿನ ಅಕ್ಷರ ಗುರು' ಎಂದು ಬಾಯಿಪಾಠ ಮಾಡಿದ್ದೆವು, ಅಲ್ವಾ? ಯಾಕೆ ಗುರು? ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ತುಂಡಿಗೆ ಅಂಟಿಕೊಂಡು ಅದನ್ನು ಮುಚ್ಚುತ್ತದೆ, ಅದಕ್ಕೆ. ಸ್ಪ್ಯಾನಿಷ್‌ನಲ್ಲೂ ಎರಡು ವ್ಯಂಜನ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ನಡುವೆ ಸೀಳಬೇಕು. ಇನ್‌ವಾಯ್ಸಿಗೆ ಫಕ್-[ತು]-ರ, ಡಾಕ್ಟರಿಗೆ ದೊಕ್-[ತೊರ್], ಪಾಠಕ್ಕೆ ಲೆಕ್-[ಸ್ಯೊನ್]. ಪ್ರಸ್ತಾರ ಹಾಕಿದ ಕೈಗೆ ಇದು ನೀರು ಕುಡಿದಷ್ಟು ಸುಲಭ.

ಆದರೆ ಒಂದು ಗುಂಪು ಸೀಳುವುದಿಲ್ಲ, ಅಲ್ಲೇ ನಾವು ಜಾರುವುದು. ಕ, ಗ, ತ, ದ, ಪ, ಬ, ಫ ಇವುಗಳ ಬೆನ್ನಿಗೆ ರ ಬಂದರೆ ಅವು ಒಂದೇ ಜೋಡಿ. ಕ, ಗ, ಪ, ಬ, ಫ ಬೆನ್ನಿಗೆ ಲ ಬಂದರೂ ಹಾಗೇ. ಇಡೀ ಜೋಡಿ ಮುಂದಿನ ತುಂಡಿಗೆ ಹೋಗುತ್ತದೆ. ಪುಸ್ತಕಕ್ಕೆ [ಲಿ]-ಬ್ರೊ, ಅಪ್ಪನಿಗೆ [ಪ]-ದ್ರೆ, ಮಾತಾಡುವುದಕ್ಕೆ ಅ-[ಬ್ಲರ್]. ನಾವು 'ಪುತ್ರ', 'ಪಾತ್ರೆ' ಎಂದು ತ್ ಅನ್ನು ಒತ್ತಿ ಒತ್ತಿ ರೂಢಿ, ಹಾಗಾಗಿ ಬಾಯಿ ತನ್ನಷ್ಟಕ್ಕೆ ಲಿಬ್-ರೊ, ಪದ್-ರೆ ಎನ್ನುತ್ತದೆ. ಅಲ್ಲಿ ತುಟಿ ಹಿಡಿದು ನಿಲ್ಲಬಾರದು, ಲಿ ಎಂದು ಬಾಯಿ ತೆರೆದೇ ಬಿಟ್ಟು ಬ್ರೊ ಅನ್ನಬೇಕು. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಾಗಬಹುದು. ಒತ್ತಕ್ಷರ ಇದ್ದರೂ ತೇಲಿಸಿ ಆಡುವುದರಿಂದ ಹಿಂದಿನ ಅಕ್ಷರ ಲಘುವಾಗೇ ಉಳಿಯುವುದು. ಪೂರ್ತಿ ಅದೇ ಅಲ್ಲ. ಅಲ್ಲಿ ರ, ಲ ಮೊದಲು ಬರುತ್ತವೆ, ಇಲ್ಲಿ ಎರಡನೆಯದಾಗಿ. ಆದರೆ ತೇಲಿಸುವ ಆ ರುಚಿ ಹಿಡಿದರೆ ಸಾಕು.

ತ ಜೊತೆ ಲ ಬಂದರೆ ಜಗಳ. ಅಟ್ಲಾಂಟಿಕ್ ಸಾಗರಕ್ಕೆ ಮೆಕ್ಸಿಕೊದವರು ಅ-[ತ್ಲನ್]-ತಿ-ಕೊ ಅನ್ನುತ್ತಾರೆ, ಸ್ಪೇನಿನಲ್ಲಿ ಹೆಚ್ಚಿನವರು ಅತ್-[ಲನ್]-ತಿ-ಕೊ ಅನ್ನುತ್ತಾರೆ. ಎರಡೂ ಸರಿ.

ಇನ್ನು ಬರವಣಿಗೆಯಲ್ಲಿ ಎರಡಕ್ಷರ ಕಂಡರೂ ಒಂದೇ ದನಿ ಇರುವ ಮೂರು ಜೋಡಿಗಳಿವೆ: ಚ ಬರೆಯುವ ಜೋಡಿ, ಎರಡು ಎಲ್, ಎರಡು ಆರ್. ಇವನ್ನು ಎಂದೂ ಸೀಳಬೇಡಿ. ಬೀದಿಗೆ [ಕ]-ಯೆ, ಎರಡು ಎಲ್ ಸೇರಿ ಯ ಆಗಿದೆ. ನಾಯಿಗೆ [ಪೆ]-ರ್ರೊ, ಕಬ್ಬಿಣಕ್ಕೆ [ಯೆ]-ರ್ರೊ, ಗಿಟಾರಿಗೆ ಗಿ-[ತ]-ರ್ರ. ಈ ರ್ರ ಕನ್ನಡದ ದ್ವಿತ್ವ ಅಲ್ಲ. ನಾವು ಪೆರ್-ರೊ ಎಂದು ಎರಡು ಮಾಡುತ್ತೇವೆ, ಅವರದು ನಾಲಿಗೆ ನಡುಗಿಸುವ ಒಂದೇ ಉರುಳು. ನಡುಗಿಸದೆ [ಪೆ]-ರೊ ಎಂದರೆ ಅದು 'ಆದರೆ' ಎಂಬ ಬೇರೆಯೇ ಪದ. ಚ ಮತ್ತು ಎರಡು ಎಲ್ ಮೊದಲು ಅವರ ವರ್ಣಮಾಲೆಯಲ್ಲಿ ಸ್ವಂತ ಅಕ್ಷರಗಳಾಗಿದ್ದವು. 2010ರ ಕಾಗುಣಿತ ನಿಯಮದಲ್ಲಿ ಅವನ್ನು ತೆಗೆದು ಅಕ್ಷರಗಳು 27 ಎಂದು ನಿಲ್ಲಿಸಿದರು. ಪಟ್ಟಿಯಿಂದ ಹೋದವು ಅಷ್ಟೇ, ಸೀಳಬಾರದು ಅನ್ನೋದು ಹೋಗಿಲ್ಲ.

ಮೂರು ನಾಲ್ಕು ವ್ಯಂಜನ ಗುಡ್ಡೆ ಬಿದ್ದರೆ ಗಾಬರಿ ಬೇಡ. ಕೊನೆಯ ಎರಡು ಮೇಲೆ ಹೇಳಿದ ಜೋಡಿಯಾ ನೋಡಿ. ಹೌದಾದರೆ ಜೋಡಿ ಮುಂದಕ್ಕೆ, ಉಳಿದದ್ದು ಹಿಂದಕ್ಕೆ. ಕಂಪನಿಗೆ ಎಮ್-[ಪ್ರೆ]-ಸ, ಗಂಡಸಿಗೆ [ಒಮ್]-ಬ್ರೆ, ಕಟ್ಟುವುದಕ್ಕೆ ಕೊನ್ಸ್-[ತ್ರ್ವಿರ್]. ಜೋಡಿ ಅಲ್ಲದಿದ್ದರೆ ಕೊನೆಯದೊಂದೇ ಮುಂದಕ್ಕೆ: ಸಾಗಣೆಗೆ ತ್ರನ್ಸ್-[ಪೊರ್]-ತೆ.

ಅದರಲ್ಲೂ ಸ್ ಎಂಬುದು ಮುಂದಿನ ವ್ಯಂಜನದ ಜೊತೆ ಎಂದೂ ಸೇರುವುದಿಲ್ಲ, ಹಿಂದಿನದಕ್ಕೇ ಜೋತು ಬೀಳುತ್ತದೆ. ಶಾಲೆಗೆ ಎಸ್-[ಕ್ವೆ]-ಲ. ಸ್ಪ್ಯಾನಿಷ್‌ನವರಿಗೆ ಪದದ ಶುರುವಿನಲ್ಲಿ ಸ್ಕ, ಸ್ತ, ಸ್ಪ ಆಡಲು ಬರುವುದಿಲ್ಲ, ಮುಂದೆ ಒಂದು ಎ ಇಟ್ಟುಕೊಂಡೇ ಹತ್ತುತ್ತಾರೆ. ಹಳಬರು 'ಇಸ್ಕೂಲು' ಅನ್ನುವುದಿಲ್ಲವೇ, ಅದೇ ಸಂಗತಿ. ನಮ್ಮ ಕಡೆ 'ಸಾಲಿ' ಅನ್ನೋದೇ ಜಾಸ್ತಿ ಬಿಡಿ, ಆದರೆ ಇಸ್ಕೂಲು ಅನ್ನುವ ಮುದುಕರನ್ನು ಯಾರಾದರೂ ನಕ್ಕರೆ ಎಸ್ಕ್ವೆಲ ಎಂಬ ಪದ ತೋರಿಸಿ.

ಈಗ ಆ ಗಂಟಿಗೆ ಬರೋಣ. ಎರಡು ಸ್ವರ ಅಕ್ಕಪಕ್ಕ ಬಂದರೆ ಒಂದು ತುಂಡೋ ಎರಡೋ? ನನಗೆ ಇದೊಂದನ್ನು ಅರಗಿಸಿಕೊಳ್ಳಲು ತಿಂಗಳು ಹಿಡಿಯಿತು, ಆಮೇಲೆ ನೋಡಿದರೆ ಒಂಬತ್ತನೇ ತರಗತಿಯ ವ್ಯಾಕರಣದಲ್ಲೇ ಕೂತಿತ್ತು. ಯಣ್ ಸಂಧಿ. ಅತಿ ಮತ್ತು ಅಂತ ಸೇರಿ ಅತ್ಯಂತ, ಮನು ಮತ್ತು ಅಂತರ ಸೇರಿ ಮನ್ವಂತರ. ಇ ಕರಗಿ ಯ್ ಆಗುತ್ತದೆ, ಉ ಕರಗಿ ವ್ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ಇದನ್ನೇ ಬೇರೆ ಹೆಸರಲ್ಲಿ ಹೇಳುತ್ತಾರೆ. ಅ, ಎ, ಒ ಗಟ್ಟಿ ಸ್ವರ. ಇ, ಉ ಮೆತ್ತನೆ ಸ್ವರ. ಮೆತ್ತಗಿನದು ಗಟ್ಟಿಯ ಪಕ್ಕ ಬಂದರೆ ಕರಗಿ ಒಂದೇ ತುಂಡಾಗುತ್ತದೆ. ಬ-ಉ-ಎ-ನೊ ಎಂದು ಬರೆದದ್ದು [ಬ್ವೆ]-ನೊ, ಅಂದರೆ ಒಳ್ಳೆಯದು. ಯಂತ್ರದ ಬಿಡಿಭಾಗಕ್ಕೆ [ಪ್ಯೆ]-ಸ. ಬೆಲೆಗೆ [ಪ್ರೆ]-ಸ್ಯೊ. ಕಸ್ಟಮ್ಸಿಗೆ ಅ-[ದ್ವ]-ನ. ಮೆತ್ತಗಿನದು ಎರಡನೆಯದಾಗಿ ಬಂದರೂ ಒಂದೇ ತುಂಡು: ಗಾಳಿಗೆ [ಐ]-ರೆ, ಕಾರಣಕ್ಕೆ [ಕೌ]-ಸ. ಐ, ಔ ನಮ್ಮಲ್ಲೂ ಒಂದೊಂದೇ ಅಕ್ಷರ ತಾನೆ. ಎರಡೂ ಮೆತ್ತಗಿನವು ಸೇರಿದರೂ ಒಂದೇ: ಊರಿಗೆ, ಪಟ್ಟಣಕ್ಕೆ ಸ್ಯು-[ದದ್].

ಎರಡೂ ಗಟ್ಟಿಯಾದರೆ ಯಾರೂ ಕರಗುವುದಿಲ್ಲ, ಬೇರೆ ಬೇರೆ ತುಂಡು. ಕವಿಗೆ ಪೊ-[ಎ]-ತ, ಸಿಂಹಕ್ಕೆ ಲೆ-[ಒನ್], ನಾಟಕಶಾಲೆಗೆ ತೆ-[ಅ]-ತ್ರೊ. ಇಲ್ಲಿ ನಮ್ಮ ಬಾಯಿ ಇನ್ನೊಂದು ಚೇಷ್ಟೆ ಮಾಡುತ್ತದೆ. ಎರಡು ಸ್ವರ ಎದುರಾದರೆ ಸಾಕು, ಆಗಮ ಸಂಧಿ ಎಂದು ನಡುವೆ ಯ ಅಥವಾ ವ ತುರುಕುತ್ತೇವೆ. ಪೊಯೆತ, ಲಿಯೋನ್, ತಿಯಾತ್ರೊ. ಇದು ಬೇಡ. ಎ ಯಿಂದ ಅ ಗೆ ನೇರ ದಾಟಿ, ನಡುವೆ ಸೇತುವೆ ಕಟ್ಟಬೇಡಿ. 'ರಿಯಲ್ ಮ್ಯಾಡ್ರಿಡ್' ಎಂದು ನಾವು ಕೂಗುವ ತಂಡದ ಹೆಸರು ಅವರ ಬಾಯಲ್ಲಿ ರೆ-[ಅಲ್] ಮ-[ದ್ರಿದ್]. ಎರಡು ಪದಕ್ಕೂ ಭಾರ ಕೊನೆಗೆ. ಇದೊಂದನ್ನೇ ಹತ್ತು ಸಲ ಸರಿಯಾಗಿ ಆಡಿದರೆ ಗಟ್ಟಿ ಸ್ವರ, ಸೀಳದ ಜೋಡಿ, ಕೊನೆಯ ಭಾರ ಮೂರೂ ಅಭ್ಯಾಸ ಆಗುತ್ತವೆ.

ಮೆತ್ತಗಿನದು ಕರಗದೆ ಸೆಟೆದು ನಿಲ್ಲುವುದೂ ಉಂಟು. ಆಗ ಅದರ ತಲೆಯ ಮೇಲೆ ಓರೆಯಾಗಿ ಒಂದು ಗೀಟು ಎಳೆದಿರುತ್ತಾರೆ, ಅವರು ಅದಕ್ಕೆ ತಿಲ್ದೆ ಅನ್ನುತ್ತಾರೆ. ದಿನಕ್ಕೆ [ದಿ]-ಅ, ದೇಶಕ್ಕೆ ಪ-[ಇಸ್], ಗಾರ್ಸಿಯಾ ಎಂಬ ಅಡ್ಡಹೆಸರಿಗೆ ಗರ್-[ಸಿ]-ಅ. ಗೀಟು ಇ ಮೇಲೋ ಉ ಮೇಲೋ ಇದ್ದರೆ ಎರಡು ತುಂಡು. ಅದೇ ಗೀಟು ಗಟ್ಟಿ ಸ್ವರದ ಮೇಲಿದ್ದರೆ ಒಂದೇ ತುಂಡು, ಭಾರ ಮಾತ್ರ ಅಲ್ಲಿ. ನಮ್ಮ ಆಫೀಸಿನಲ್ಲಿ ದಿನಾ ಬರುವ ಜೋಡಿ ಪದ ಇದು. ಎನ್-[ಬಿ]-ಒ ಅಂದರೆ ರವಾನೆ, 'ಕಳಿಸುತ್ತೇನೆ' ಎಂದೂ ಆಗುತ್ತದೆ. ಎನ್-[ಬ್ಯೊ] ಅಂದರೆ 'ಕಳಿಸಿದರು'. ಅಕ್ಷರ ಅವೇ, ಗೀಟು ಒಂದರಲ್ಲಿ ಇ ಮೇಲೆ, ಇನ್ನೊಂದರಲ್ಲಿ ಒ ಮೇಲೆ. ತುಂಡುಗಳೇ ಮೂರರಿಂದ ಎರಡಾದವು. ಮಾಲು ಹೊರಟಿದೆಯೋ ಇನ್ನೂ ಗೋದಾಮಿನಲ್ಲೇ ಇದೆಯೋ ಅನ್ನೋದು ಆ ಗೀಟಿನ ಮೇಲೆ ನಿಂತಿದೆ. ಪಗೊ ಪೆಟ್ಟು ತಿಂದವನಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಸಣ್ಣಪುಟ್ಟ ಎಚ್ಚರಿಕೆಗಳು ಎರಡಿವೆ. ಎಚ್ ಅಕ್ಷರಕ್ಕೆ ದನಿಯೇ ಇಲ್ಲ, ಇದ್ದೂ ಇಲ್ಲದಂತೆ. ಇ ಅಥವಾ ಎ ಮುಂದೆ ಬರುವ ಕ್ಯೂ, ಗ ಅಕ್ಷರಗಳ ಜೊತೆ ಒಂದು ಉ ಬರೆದಿರುತ್ತಾರೆ, ಅದನ್ನೂ ಆಡುವುದಿಲ್ಲ: ಚೀಸಿಗೆ [ಕೆ]-ಸೊ, ಕ್ವೆಸೊ ಅಲ್ಲ. ಗ ಪಕ್ಕದ ಉ ಮೇಲೆ ಎರಡು ಚುಕ್ಕೆ ಕಂಡರೆ ಮಾತ್ರ ಆಡಿ: ಪಿನ್-[ಗ್ವಿ]-ನೊ, ನಮ್ಮ ಪೆಂಗ್ವಿನ್.

ಒಡೆಯುವುದು ಬಂತು. ಈಗ ಭಾರ. ಕನ್ನಡದಲ್ಲಿ ಭಾರ ಎಲ್ಲೇ ಹಾಕಿದರೂ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮಗೆ ಅದರ ಪರಿವೆಯೇ ಇಲ್ಲ. ಸುಮ್ನೆ ಮೊದಲ ಅಕ್ಷರಕ್ಕೆ ಸ್ವಲ್ಪ ಗಟ್ಟಿ ದನಿ ಕೊಟ್ಟು ಹೋಗುತ್ತಿರುತ್ತೇವೆ, ನಡುವೆ ಗುರು ಸಿಕ್ಕರೆ ಅದರ ಮೇಲೆ ಒರಗುತ್ತೇವೆ. ಈ ಎರಡು ಚಾಳಿಯನ್ನೂ ಹೊರಗೆ ಬಿಟ್ಟು ಬನ್ನಿ. ಕಿಟಕಿಗೆ ಬೆನ್-[ತ]-ನ. ಬೆನ್ ಗುರು, ತ ಲಘು, ಆದರೂ ಭಾರ ಲಘುವಿಗೇ. ತುಂಡು ಒಡೆಯುವಾಗ ಪ್ರಸ್ತಾರ ನೆರವಿಗೆ ಬರುತ್ತದೆ, ಭಾರ ಹಾಕುವಾಗ ಅದೇ ದಾರಿ ತಪ್ಪಿಸುತ್ತದೆ.

ಭಾರದ ಲೆಕ್ಕವನ್ನು ಪದದ ಕೊನೆಯಿಂದ ಮಾಡಬೇಕು. ಪದ ಯಾವ ಅಕ್ಷರದಲ್ಲಿ ಮುಗಿಯುತ್ತದೆ ನೋಡಿ. ಸ್ವರದಲ್ಲೋ, ನ್ ಅಥವಾ ಸ್ ನಲ್ಲೋ ಮುಗಿದರೆ ಭಾರ ಕೊನೆಯಿಂದ ಎರಡನೇ ತುಂಡಿಗೆ. ಬೇರೆ ಯಾವ ವ್ಯಂಜನದಲ್ಲಿ ಮುಗಿದರೂ ಭಾರ ಕೊನೆಯ ತುಂಡಿಗೆ. ಇದನ್ನು ಮೀರಿದ ಪದ ಇದ್ದರೆ ಭಾರ ಇರುವ ಸ್ವರದ ಮೇಲೆ ಗೀಟು ಹಾಕಿರುತ್ತಾರೆ. ಮುಗಿಯಿತು, ಇಷ್ಟೇ ನಿಯಮ.

ಮೊದಲನೆಯದಕ್ಕೆ ಬರ್-ಸೆ-[ಲೊ]-ನ, ಕೊ-[ಲೊಮ್]-ಬ್ಯ, ಬೆ-ನೆ-[ಸ್ವೆ]-ಲ (ನಾವು ವೆನಿಜುವೆಲಾ ಅನ್ನುವ ದೇಶ). ಎರಡನೆಯದಕ್ಕೆ ಟೆನಿಸ್ ನೋಡುವವರಿಗೆ ಗೊತ್ತಿರುವ ನ-[ದಲ್], ಅಲ್-ಕ-[ರಸ್]. ಅಲ್ಕರಸ್ ಕೊನೆಯ ದನಿ ಸ್ ಕೇಳಿಸಿದರೂ ಬರೆಯುವುದು ಝಡ್, ಲೆಕ್ಕಕ್ಕೆ ಬರುವುದು ಬರಹ. ಇಂಗ್ಲಿಷಿನಿಂದ ನಮಗೆ ಪರಿಚಯ ಇರುವ ಪದಗಳಲ್ಲಿ ಮೋಸ ಹೋಗುವುದು ಜಾಸ್ತಿ: ಮೊ-[ತೊರ್], ಒಸ್-ಪಿ-[ತಲ್], ಅ-ನಿ-[ಮಲ್]. ಎಲ್ಲ ಕೊನೆಗೆ.

ಹುಡುಗಿ ಇಲ್ಲಿ ಒಂದು ಒಳ್ಳೆ ಪ್ರಶ್ನೆ ಕೇಳಿದಳು. "ಎಲ್ಲಾ ವ್ಯಂಜನ ಬಿಟ್ಟು ನ್, ಸ್ ಎರಡಕ್ಕ ಯಾಕ್ರಿ ಕಾಕಾ ಈ ರಿಯಾಯಿತಿ?" ನನಗೂ ಮೊದಲು ಹೊಳೆದಿರಲಿಲ್ಲ. ಮನೆ [ಕ]-ಸ, ಮನೆಗಳು [ಕ]-ಸಸ್. ಮಾತಾಡುತ್ತಾನೆ [ಅ]-ಬ್ಲ, ಮಾತಾಡುತ್ತಾರೆ [ಅ]-ಬ್ಲನ್. ಬಹುವಚನಕ್ಕೆ ನಾಮಪದಕ್ಕೆ ಸ್ ಅಂಟುತ್ತದೆ, ಕ್ರಿಯಾಪದಕ್ಕೆ ನ್ ಅಂಟುತ್ತದೆ, ಭಾರ ಕದಲುವುದಿಲ್ಲ. ಈ ರಿಯಾಯಿತಿ ಇಲ್ಲದಿದ್ದರೆ ಪ್ರತಿ ಬಹುವಚನಕ್ಕೂ ಗೀಟು ಎಳೆಯುತ್ತಾ ಕೂರಬೇಕಿತ್ತು. ಇದು ತಿಳಿದ ಮೇಲೆ ನ್, ಸ್ ಯಾವತ್ತೂ ಮರೆತಿಲ್ಲ.

ಗೀಟಿನ ಪದಗಳು ಮೂರು ಬಗೆ. ನ್, ಸ್ ಅಥವಾ ಸ್ವರದಲ್ಲಿ ಮುಗಿದೂ ಭಾರ ಕೊನೆಗೆ ಬಿದ್ದವು: ಹಾಡಿಗೆ ಕನ್-[ಸ್ಯೊನ್], ಫೌಂಡ್ರಿಗೆ ಫುನ್-ದಿ-[ಸ್ಯೊನ್], ದೇಶಗಳಲ್ಲಿ ಪೆ-[ರು], ಪ-ನ-[ಮ]. ಬೇರೆ ವ್ಯಂಜನದಲ್ಲಿ ಮುಗಿದೂ ಭಾರ ಹಿಂದಕ್ಕೆ ಸರಿದವು: ಮರಕ್ಕೆ [ಅರ್]-ಬೊಲ್, ಸಕ್ಕರೆಗೆ ಅ-[ಸು]-ಕರ್, ಅಡ್ಡಹೆಸರುಗಳಾದ [ಗೊ]-ಮೆಸ್, [ಲೊ]-ಪೆಸ್, ಮರ್-[ತಿ]-ನೆಸ್ (ಇವೂ ಝಡ್‌ನಲ್ಲಿ ಮುಗಿಯುತ್ತವೆ, ಅಲ್ಕರಸ್ ಜೊತೆ ಹೋಲಿಸಿ ನೋಡಿ). ಇನ್ನು ಕೊನೆಯಿಂದ ಮೂರನೇ ತುಂಡಿಗೆ ಭಾರ ಬಿದ್ದವು, ಇವಕ್ಕೆ ಗೀಟು ತಪ್ಪುವುದೇ ಇಲ್ಲ: [ಮು]-ಸಿ-ಕ, ತೆ-[ಲೆ]-ಫೊ-ನೊ, ಶನಿವಾರಕ್ಕೆ [ಸ]-ಬ-ದೊ, ಮೆಕ್ಸಿಕೊದ್ದೇ ಹೆಸರು [ಮೆ]-ಹಿ-ಕೊ, ಅಲ್ಲಿನ ಕೈಗಾರಿಕಾ ಊರು ಕೆ-[ರೆ]-ತ-ರೊ. ಈ ಮೂರನೇ ಬಗೆಗೆ ಅವರು ಇಟ್ಟ ಹೆಸರು ಎಸ್-[ದ್ರು]-ಹು-ಲ. ಹೆಸರೇ ತನ್ನ ಉದಾಹರಣೆ.

"ಗೀಟು ಇಲ್ಲದಿದ್ರ ಭಾರನೂ ಇಲ್ಲೇನ್ರಿ?" ಎಂದಳು. ಇಲ್ಲವ್ವಾ, ಭಾರ ಎಲ್ಲ ದೊಡ್ಡ ಪದಕ್ಕೂ ಇದೆ, ನಿಯಮದಿಂದ ತಿಳಿಯದ ಕಡೆ ಮಾತ್ರ ಗೀಟು. ಅದಕ್ಕೇ ಪದ ಬೆಳೆದಾಗ ಗೀಟು ಬಂದು ಹೋಗಿ ಮಾಡುತ್ತದೆ. ಕನ್-[ಸ್ಯೊನ್] ಗೆ ಗೀಟಿದೆ, ಹಾಡುಗಳು ಕನ್-[ಸ್ಯೊ]-ನೆಸ್ ಆದಾಗ ಭಾರ ತಾನಾಗೇ ಎರಡನೇ ತುಂಡಿಗೆ ಬಂತು, ಗೀಟು ಹೋಯಿತು. ಪರೀಕ್ಷೆಗೆ ಎಕ್-[ಸ]-ಮೆನ್, ಗೀಟಿಲ್ಲ. ಪರೀಕ್ಷೆಗಳು ಎಕ್-[ಸ]-ಮೆ-ನೆಸ್, ಭಾರ ಮೂರನೆಯದಾಯಿತು, ಗೀಟು ಬಂತು. ಭಾರ ಕೂತ ಜಾಗ ಒಂದೇ, ಕೊನೆಯಿಂದ ಎಣಿಕೆ ಬದಲಾಯಿತು. (ಅಂದಹಾಗೆ ಈ ಪದದ ನಡುವಿನ ಎಕ್ಸ್ ಬರಹದಲ್ಲಿ ಒಂದೇ ಅಕ್ಷರ, ಸಾಲಿನ ಕೊನೆಯಲ್ಲಿ ಮುರಿಯುವಾಗ ಅದನ್ನು ಸೀಳಲಾಗದು, ಇಡಿಯಾಗಿ ಮುಂದಕ್ಕೆ ಕೊಡಬೇಕು.) ಹಾಗೇ [ದ] ಅಂದರೆ ಕೊಡು, ಅದಕ್ಕೆ 'ನನಗೆ', 'ಅದನ್ನು' ಅಂಟಿಸಿದರೆ [ದ]-ಮೆ-ಲೊ, ಗೀಟು ಬರುತ್ತದೆ.

ಮೂರು ಥರ ಆಡಬಹುದಾದ ಪದ ಒಂದಿದೆ, ಗೋಡೆಗೆ ಬರೆದು ಅಂಟಿಸಿಕೊಳ್ಳಿ. [ತೆರ್]-ಮಿ-ನೊ ಎಂದರೆ ಪಾರಿಭಾಷಿಕ ಪದ, ಅವಧಿ. ತೆರ್-[ಮಿ]-ನೊ ಎಂದರೆ ಮುಗಿಸುತ್ತೇನೆ. ತೆರ್-ಮಿ-[ನೊ] ಎಂದರೆ ಮುಗಿಸಿದನು. ಮನೆಯವರ ಎದುರು ಜೋರಾಗಿ ಆಡುವಾಗ ಇನ್ನೊಂದೂ ನೆನಪಿರಲಿ: ಪ-[ಪ] ಅಂದರೆ ಅಪ್ಪ, [ಪ]-ಪ ಅಂದರೆ ಲ್ಯಾಟಿನ್ ಅಮೆರಿಕದಲ್ಲಿ ಆಲೂಗಡ್ಡೆ.

ಒಂದೇ ತುಂಡಿನ ಪದಗಳಿಗೆ ಗೀಟು ಬೇಕಿಲ್ಲ. ಆದರೂ 'ತು' ನಂಥ ಕೆಲವಕ್ಕೆ ಹಾಕುತ್ತಾರೆ, 'ನೀನು' ಮತ್ತು 'ನಿನ್ನ' ಎರಡೂ ಒಂದೇ ದನಿ ಆದ್ದರಿಂದ ಕಣ್ಣಿಗೆ ಗುರುತು ಸಿಗಲಿ ಎಂದು. ಅವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿ, ಬೇರೆ ದಾರಿ ಇಲ್ಲ.

ವೈ ಅಕ್ಷರದಲ್ಲಿ ಮುಗಿಯುವ ಪದಗಳು ಕಿವಿಗೆ ಸ್ವರ, ನಿಯಮಕ್ಕೆ ವ್ಯಂಜನ. ಹಾಗಾಗಿ ಉ-ರು-[ಗ್ವೈ], ಪ-ರ-[ಗ್ವೈ], ಮೆಕ್ಸಿಕೊದ ಮೊನ್-ತೆ-[ರ್ರೆಯ್], ಎಲ್ಲದಕ್ಕೂ ಭಾರ ಕೊನೆಗೆ, ಗೀಟಿಲ್ಲ.

ಭಾರ ಹಾಕುವುದು ಅಂದರೆ ಏನು ಮಾಡಬೇಕು? ದನಿ ಸ್ವಲ್ಪ ಏರಿಸಬೇಕು, ಗಟ್ಟಿ ಮಾಡಬೇಕು, ಒಂಚೂರು ಎಳೆಯಬೇಕು. ನಮಗೆ ದೀರ್ಘದ ಆಸೆ ಬಿಡುವುದಿಲ್ಲ, ಪಗೋ, ಪೆರೂ ಎಂದು ಎಳೆದುಬಿಡುತ್ತೇವೆ. ಮೊದಲ ತಿಂಗಳು ನಾನೂ ದೀರ್ಘ ಹಾಕಿಕೊಂಡೇ ಕಲಿತೆ, ತಪ್ಪೇನಿಲ್ಲ, ಸೈಕಲ್ ಕಲಿಯುವಾಗ ಯಾರಾದರೂ ಹಿಂದೆ ಹಿಡಿದುಕೊಂಡಂತೆ. ಆಮೇಲೆ ಎರಡು ಮಾತ್ರೆಯಿಂದ ಒಂದೂಕಾಲು ಮಾತ್ರೆಗೆ ಇಳಿಸಿ. ಭಾರ ಇಲ್ಲದ ತುಂಡುಗಳ ಸ್ವರವನ್ನು ನುಂಗಬೇಡಿ, ಇದು ನಮ್ಮ ಕಡೆಯವರಿಗೆ ಖಾಸಾ ಮಾತು: 'ಕೆಲಸ' ಅನ್ನುವುದನ್ನು 'ಕೆಲ್ಸ' ಅನ್ನುವ ಬಾಯಿ 'ತೆಲೆಫೊನೊ'ವನ್ನು 'ತೆಲೆಫ್ನೊ' ಮಾಡಲು ಹೊತ್ತು ಬೇಕಿಲ್ಲ. ಮೇಜಿನ ಮೇಲೆ ತುಂಡಿಗೊಂದು ಬೆರಳು ತಟ್ಟುತ್ತಾ ಆಡಿ, ಭಾರದ ತುಂಡಿಗೆ ಅಂಗೈ ಇಡಿ. ಮಾತು ವೇಗ ಆದಾಗ ಪದ ಪದದ ನಡುವೆಯೂ ಸಂಧಿ ಆಗುತ್ತದೆ. 'ಲೊಸ್ ಅಮಿಗೊಸ್', ಗೆಳೆಯರು, ಕಿವಿಗೆ ಬರುವುದು ಲೊ-ಸ-[ಮಿ]-ಗೊಸ್ ಎಂದು. ಕನ್ನಡದವರಿಗೆ ಇದು ಹೊಸದಲ್ಲ.

ಅಭ್ಯಾಸಕ್ಕೆ ನಾನು ಹುಡುಗಿಗೆ ಕೊಟ್ಟದ್ದು ನಮ್ಮ ಊರುಗಳ ಹೆಸರು. ಬೋರ್ಡಿನ ಮೇಲಿನ ಇಂಗ್ಲಿಷ್ ಕಾಗುಣಿತವನ್ನು ಸ್ಪ್ಯಾನಿಷ್‌ನವನೊಬ್ಬ ತನ್ನ ನಿಯಮದಂತೆ ಓದಿದರೆ ಹೇಗೆ ಓದುತ್ತಾನೆ? ಇದು ಸುಮ್ನೆ ಹುಟ್ಟಿದ ಆಟ ಅಲ್ಲ. ಮೆಕ್ಸಿಕೊದವರು ಫೋನಿನಲ್ಲಿ ನಮ್ಮೂರನ್ನು ಬೆ-ಲ-[ಗ]-ಬಿ ಎಂದಾಗ ಮೊದಲು ನಗು ಬಂತು, ಆಮೇಲೆ ನೋಡಿದರೆ ಸ್ವರದಲ್ಲಿ ಮುಗಿದಿದೆ, ಭಾರ ಕೊನೆಯಿಂದ ಎರಡನೆಯದಕ್ಕೆ, ವಿ ಅವರಿಗೆ ಬಿ, ಎಲ್ಲ ನಿಯಮ ಪ್ರಕಾರವೇ ಇತ್ತು. ವಿಜಯಪುರ ಅವರ ಬಾಯಲ್ಲಿ ಬಿ-ಹ-ಯ-[ಪು]-ರ, ಯಾಕೆಂದರೆ ಜೆ ಅಕ್ಷರ ಅವರಿಗೆ ಹ. ಬಾಗಲಕೋಟೆ ಬ-ಗಲ್-[ಕೊ]-ತೆ. ಬಾದಾಮಿ ಬ-[ದ]-ಮಿ. ಗೋಕಾಕ ಕ್ ನಲ್ಲಿ ಮುಗಿಯುತ್ತದೆ, ಹಾಗಾಗಿ ಗೊ-[ಕಕ್]. ಇಳಕಲ್ ಇಲ್-[ಕಲ್]. ಖಾನಾಪುರ ಕ-ನ-[ಪುರ್]. ರಾಯಬಾಗದಲ್ಲಿ ಅ ಪಕ್ಕ ಇ ಬಂದಿದೆ, ಕರಗಿತು, ಎರಡೇ ತುಂಡು: ರೈ-[ಬಗ್]. ಜಮಖಂಡಿ ಹಮ್-[ಕನ್]-ದಿ. ಸಿಂದಗಿಯಲ್ಲಿ ಗಿ ಇದೆ, ಇ ಮುಂದೆ ಒಂಟಿಯಾಗಿ ಬಂದ ಗ ಅವರಿಗೆ ಹ ಆಗುತ್ತದೆ, ಹಾಗಾಗಿ ಸಿನ್-[ದ]-ಹಿ.

ಮುಧೋಳ, ಚಿಕ್ಕೋಡಿ, ಬೈಲಹೊಂಗಲ ನಿಮಗೆ ಬಿಟ್ಟಿದ್ದೇನೆ. ಬೈಲಹೊಂಗಲಕ್ಕೆ ಮೂರೇ ತುಂಡು ಬರಬೇಕು. ನಾಲ್ಕು ಬಂದರೆ ಎಲ್ಲೋ ಐ ಅನ್ನು ಸೀಳಿದ್ದೀರಿ.